ಹವಾಯಿ: ರಾಜ್ಯತ್ವ ದೊರೆತರೂ ತೀರದ ಋಣ

ಶಾಂತಸಾಗರದ ಹವಾಯಿ ದ್ವೀಪಗಳು 1959ರ ಆಗಸ್ಟ್ 21ರಂದು ಅಮೆರಿಕದ ಐವತ್ತನೆಯ ರಾಜ್ಯವಾದವು. ಅದಕ್ಕೆ ಮುನ್ನ ಜೂನ್ ತಿಂಗಳಲ್ಲಿ ನಡೆದ ಜನಮತದಲ್ಲಿ ನೂರಕ್ಕೆ 90ಕ್ಕೂ ಮಿಕ್ಕ ಮತಗಳು ರಾಜ್ಯತ್ವದ ಪರವಾಗಿ ಬಿದ್ದಿದ್ದವು. ಮೇಲ್ನೋಟಕ್ಕೆ ಇದು ಪ್ರಜಾಪ್ರಭುತ್ವದ ನಿಷ್ಕಳಂಕ ವಿಜಯ. ಆದರೆ ಲೆಕ್ಕದ ಕೊನೆಯ ಪುಟವನ್ನಷ್ಟೇ ನೋಡಿ ವ್ಯವಹಾರವು ಶುದ್ಧವೆಂದು ಹೇಳಲಾಗದು. ಆರಂಭದ ಶಿಲ್ಕನ್ನೂ ನೋಡಬೇಕು.

1893ರವರೆಗೆ ಹವಾಯಿ ಸ್ವತಂತ್ರ ರಾಜ್ಯವಾಗಿತ್ತು. ಆ ವರ್ಷದ ಜನವರಿಯಲ್ಲಿ ಬಿಳಿಯ ವರ್ತಕರೂ ವಕೀಲರೂ ಕೂಡಿದ ಗುಂಪೊಂದು ರಾಣಿ ಲಿಲಿಯುಕಲಾನಿಯವರನ್ನು ಪದಚ್ಯುತಗೊಳಿಸಿತು. ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರು ಹೊನೊಲುಲು ನಗರದಲ್ಲಿ ನೆಲೆನಿಂತಿದ್ದರು. ಜೀವಹಾನಿಯಾಗದಿರಲೆಂದು ರಾಣಿಯವರು ಲಿಖಿತ ಪ್ರತಿಭಟನೆಯೊಡನೆ ಅಧಿಕಾರವನ್ನು ಬಿಟ್ಟುಕೊಟ್ಟರು. 1897ರಲ್ಲಿ ವಿಲೀನವನ್ನು ವಿರೋಧಿಸುವ ಮನವಿಗೆ 21,000ಕ್ಕೂ ಹೆಚ್ಚು ಜನರು ಸಹಿ ಹಾಕಿದರು. ಆದರೆ ಮರುವರ್ಷ ಸ್ಪೇನ್‌ನೊಡನೆ ಯುದ್ಧ ಬಂದಿತು. ಫಿಲಿಪೈನ್ಸಿಗೆ ಹೋಗುವ ಹಡಗುಗಳಿಗೆ ತಂಗುದಾಣ ಬೇಕಾಯಿತು. ಹವಾಯಿ ಅಮೆರಿಕದ ವಶವಾಯಿತು. ಸುಮಾರು 18 ಲಕ್ಷ ಎಕರೆ ಭೂಮಿಯೂ ಅದರೊಡನೆ ಕೈಬದಲಾಯಿತು. ಮೂಲನಿವಾಸಿಗಳ ಸಮ್ಮತಿಯನ್ನು ಕೇಳಲಿಲ್ಲ. ಅವರಿಗೆ ಪರಿಹಾರವನ್ನೂ ಕೊಡಲಿಲ್ಲ.

ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ 1941ರ ಡಿಸೆಂಬರಿನಲ್ಲಿ ಜಪಾನ್ ದಾಳಿ ಮಾಡಿದಾಗ, ಅಂದೇ ಸೈನಿಕ ಶಾಸನ ಜಾರಿಯಾಯಿತು. 1944ರ ಅಕ್ಟೋಬರಿನವರೆಗೂ ಅದು ಮುಂದುವರಿಯಿತು. ನಾಗರಿಕರ ಅಪರಾಧಗಳನ್ನೂ ಸೈನಿಕ ನ್ಯಾಯಾಲಯಗಳೇ ವಿಚಾರಿಸಿದವು. ಅದು ಕಾನೂನುಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1946ರಲ್ಲಿ ತೀರ್ಪಿತ್ತಿತು. ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಮಿಕ್ಕಿದ್ದ ಜಪಾನಿ ಮೂಲದವರ ಮೇಲೆ ಸಂಶಯದ ದೃಷ್ಟಿ ಬಿದ್ದಿತು. ಅವರ ಮಕ್ಕಳು ಸೈನ್ಯಕ್ಕೆ ಸೇರಿ ಯೂರೋಪಿನಲ್ಲಿ ಕಾದಿದರು. ಅವರಲ್ಲೊಬ್ಬರಾದ ಡೇನಿಯಲ್ ಇನೌಯೆ 1945ರಲ್ಲಿ ಇಟಲಿಯಲ್ಲಿ ಬಲಗೈಯನ್ನು ಕಳೆದುಕೊಂಡರು.

ಇಷ್ಟಾದರೂ ರಾಜ್ಯತ್ವ ಸುಲಭವಾಗಿ ದೊರೆಯಲಿಲ್ಲ. 1947ರಲ್ಲಿ ಕೆಳಮನೆ ಒಪ್ಪಿದ ಮಸೂದೆ ಸೆನೆಟ್ಟಿನಲ್ಲಿ ನಿಂತುಹೋಯಿತು. ಬಿಳಿಯರಲ್ಲದವರೇ ಬಹುಸಂಖ್ಯಾತರಾದ ರಾಜ್ಯದ ಪ್ರತಿನಿಧಿಗಳು ಕರಿಯರ ನಾಗರಿಕ ಹಕ್ಕುಗಳ ಪರ ಮತ ಹಾಕುವರೆಂಬ ಭಯ ದಕ್ಷಿಣ ಪ್ರಾಂತದ ಸೆನೆಟರುಗಳಿಗಿತ್ತು. ಕೊನೆಗೆ 1959ರಲ್ಲಿ ಇನೌಯೆ ಅವರೇ ಹವಾಯಿಯ ಪ್ರತಿನಿಧಿಯಾಗಿ ಕೆಳಮನೆಯನ್ನು ಪ್ರವೇಶಿಸಿದರು. ವಲಸಿಗರ ಸಂತತಿಗೆ ಇದು ನ್ಯಾಯವಾದ ಗೆಲುವೇ ಸರಿ.

ಆದರೆ ಆ ಮತಪತ್ರದಲ್ಲಿ ರಾಜ್ಯತ್ವ ಬೇಕೇ, ಬೇಡವೇ ಎಂಬುದಿತ್ತೇ ಹೊರತು ಸ್ವಾತಂತ್ರ್ಯದ ಆಯ್ಕೆ ಇರಲಿಲ್ಲ. ಕಹೋಲವೆ ದ್ವೀಪವು 1990ರವರೆಗೂ ಬಾಂಬ್ ಅಭ್ಯಾಸದ ಗುರಿಯಾಗಿಯೇ ಉಳಿಯಿತು. 1993ರಲ್ಲಿ ಅಮೆರಿಕದ ಸಂಸತ್ತು ನೂರು ವರ್ಷದ ಹಿಂದಿನ ಕೃತ್ಯಕ್ಕೆ ಕ್ಷಮೆ ಯಾಚಿಸಿತು. ಭೂಮಿಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಒಬ್ಬರಿಗೆ ಸಮಾನತೆಯನ್ನಿತ್ತ ಮಾತ್ರಕ್ಕೆ ಇನ್ನೊಬ್ಬರ ಋಣ ತೀರುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡತನವೇ. ಪಡೆದ ವಸ್ತುವಿನ ವಿಚಾರ ಬಂದಾಗ ಮೌನವಾಗುವ ಕ್ಷಮೆ ಅರ್ಧ ಕ್ಷಮೆಯಷ್ಟೆ.