ಹ್ಯಾಂಡಲ್ ಕೊಳವೆಯೊಳಗಿನ ತಂತಿ

ಮೈಸೂರಿನಲ್ಲಿ ಜಾವಾ ಓಡಿಸಿದ ಹಿರಿಯರು ನಮ್ಮ ಸಂಘದಲ್ಲಿ ನಾಲ್ಕಾರು ಮಂದಿಯಾದರೂ ಇದ್ದಾರೆ. ಅವರ ಗಾಡಿಯ ಆಕ್ಸಿಲರೇಟರ್ ಕೇಬಲ್ ಹಿಡಿಯ ಬಳಿ ಕಣ್ಣಿಗೆ ಬೀಳುತ್ತಿರಲಿಲ್ಲವೆಂಬುದು ನೆನಪಿರಬಹುದು. ಹಿಡಿ ತಿರುಗಿಸಿದರೆ ಒಳಗಿನ ಸ್ಲೈಡರ್ ಜಾರಿ, ಹ್ಯಾಂಡಲ್ ಕೊಳವೆಯ ಒಳಗಿನಿಂದಲೇ ಕೇಬಲನ್ನು ಎಳೆಯುತ್ತಿತ್ತು. ಆ ಗಾಡಿಗಳನ್ನು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಕೊಳವೆಯೊಳಗೆ ಬಚ್ಚಿಡುವ ಈ ವಿದ್ಯೆಯ ಹಿಂದಿನ ಕಥೆ ಕೇಳಬೇಕಾದರೆ ಬಾಸ್ಟನ್ನಿನಿಂದ ಒಂದೂವರೆ ಗಂಟೆ ದಾರಿಯ ಸ್ಪ್ರಿಂಗ್‌ಫೀಲ್ಡಿಗೆ ಹೋದರೆ ಸಾಕು.

ಅಲ್ಲಿ 1901ರಲ್ಲಿ ಜಾರ್ಜ್ ಹೆಂಡಿ ಮತ್ತು ಆಸ್ಕರ್ ಹೆಡ್‌ಸ್ಟ್ರಾಮ್ ಎಂಬಿಬ್ಬರು ‘ಇಂಡಿಯನ್’ ಮೋಟಾರ್ ಸೈಕಲ್ ಕಟ್ಟಿದರು. (ಹೆಸರು ಅಮೆರಿಕದ ಮೂಲನಿವಾಸಿಗಳದ್ದು, ನಾವು ಹೆಮ್ಮೆಪಡುವಂತಿಲ್ಲ!) ತಿರುಗುವ ಹಿಡಿಯನ್ನು ಮೊದಲು ತಂದವರು ಇವರೋ, ಗ್ಲೆನ್ ಕರ್ಟಿಸರೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಆ ಕಾಲದಲ್ಲಿ ದೀಪ ಉರಿಯುತ್ತಿದ್ದುದು ಕಾರ್ಬೈಡ್ ಗ್ಯಾಸಿನಿಂದ. ಹ್ಯಾಂಡಲಿನ ಬಳಿ ವಿದ್ಯುತ್ತಿನ ತಂತಿಗೆ ಕೆಲಸವೇ ಇರಲಿಲ್ಲವೆನ್ನಬಹುದು.

1914ರಲ್ಲಿ ಅದೇ ಕಾರ್ಖಾನೆಯಿಂದ ‘ಹೆಂಡಿ ಸ್ಪೆಷಲ್’ ಬಂತು. ವಿದ್ಯುದ್ದೀಪ ಮಾತ್ರವಲ್ಲ, ಗುಂಡಿ ಒತ್ತಿದರೆ ಎಂಜಿನ್ ಶುರುವಾಗುವ ಏರ್ಪಾಡೂ ಅದರಲ್ಲಿತ್ತು. ಅಂದಿನ ಬ್ಯಾಟರಿಗಳು ಆ ಭಾರ ತಾಳದೆ ಕೈಕೊಟ್ಟವು, ಮಾದರಿ ಬೇಗನೆ ನಿಂತುಹೋಯಿತು. ಮರುವರ್ಷ ಹಾರ್ಲೆ-ಡೇವಿಡ್ಸನ್ನಿನವರು ತಮ್ಮ 11-ಜೆ ಮಾದರಿಗೆ ವಿದ್ಯುದ್ದೀಪ ಕೊಟ್ಟರು. ಆಮೇಲೆ ಹಾರ್ನಿನ ಗುಂಡಿ ಹೆಬ್ಬೆರಳಿಗೆ ಎಟುಕಬೇಕಾಯಿತು, ದೀಪ ಡಿಮ್ ಮಾಡುವ ಸ್ವಿಚ್ಚೂ ಬಂತು. ಹಾರ್ಲೆಯಲ್ಲಿ ಬಲಗೊಳವೆಯೊಳಗೆ ಥ್ರಾಟಲ್ ಕೇಬಲ್, ಎಡಗೊಳವೆಯೊಳಗೆ ಸ್ಪಾರ್ಕ್ ಹಿಂದುಮುಂದು ಮಾಡುವ ಕೇಬಲ್ ಮೊದಲೇ ಇದ್ದವು. ತಂತಿಗಳೂ ಅದೇ ಮನೆಗೆ ಬಾಡಿಗೆದಾರರಾಗಿ ಸೇರಿಕೊಂಡವು. ಅಮೆರಿಕದ ಹ್ಯಾಂಡಲ್ ಕೊಳವೆ ಒಂದು ಅಂಗುಲ ದಪ್ಪ. ಇಂಗ್ಲೆಂಡಿನದು 7/8 ಅಂಗುಲ. ಅಲ್ಲಿಯವರು ಸಾಮಾನ್ಯವಾಗಿ ತಂತಿಯನ್ನು ಹೊರಗೇ ಪಟ್ಟಿ ಸುತ್ತಿ ಕಟ್ಟಿಬಿಡುತ್ತಿದ್ದರು.

ನೋಡಲು ಹೊರಗಿನ ತಂತಿ ಅಂದಗೇಡು, ನಿಜ. ಆದರೆ ಅದು ಸವೆದರೆ ಕಣ್ಣಿಗೆ ಕಾಣುತ್ತದೆ. ಒಳಗಿನದು ಕಾಣುವುದಿಲ್ಲ, ಕಷ್ಟವಿರುವುದು ಇಲ್ಲೇ. ಆಗಿನ ತಂತಿಗೆ ರಬ್ಬರಿನ ಹೊದಿಕೆ, ಮೇಲೆ ನೂಲಿನ ಹೆಣಿಗೆ. ಪಕ್ಕದ ಕೇಬಲಿನ ಗ್ರೀಸು ತಾಗಿ ರಬ್ಬರು ಮೆತ್ತಗಾಗುತ್ತದೆ. ತಂತಿ ಹೊರಬರುವ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಹ್ಯಾಂಡಲ್ ತಿರುಗಿದಷ್ಟು ಸಲವೂ ತಂತಿ ಅದೇ ಜಾಗದಲ್ಲಿ ಮಡಿಯುತ್ತದೆ. ಹಾರ್ನಿಗೆ ಅನೇಕ ಗಾಡಿಗಳಲ್ಲಿ ಒಂದೇ ತಂತಿ. ಗುಂಡಿ ಒತ್ತಿದಾಗ ಅದು ಕೊಳವೆಯ ಕಬ್ಬಿಣಕ್ಕೆ ತಾಗಿ, ಕಬ್ಬಿಣವೇ ವಾಪಸು ದಾರಿಯಾಗುತ್ತದೆ. ಹೊದಿಕೆ ಹರಿದರೆ ಯಾರೂ ಒತ್ತದೆಯೇ ಹಾರ್ನು ಕೂಗುತ್ತದೆ. ಹಾಗಾದರೆ ಪುಣ್ಯ. ಹರಿದದ್ದು ದೀಪದ ತಂತಿಯಾದರೆ ಶಾರ್ಟ್ ಆಗಿ, ಫ್ಯೂಸೇ ಇಲ್ಲದ ಹಳೆಯ ಗಾಡಿಯಲ್ಲಿ ತಂತಿ ಸುಟ್ಟು, ಕತ್ತಲ ರಸ್ತೆಯಲ್ಲಿ ಐವತ್ತು ಮೈಲಿ ವೇಗದಲ್ಲಿ ಮುಂದಿನ ದೀಪ ಆರಿಹೋಗುತ್ತದೆ.

ನಮ್ಮ ನೆರೆಮನೆಯವರ ಹಳೆಯ ಬೈಕು ಎಡಕ್ಕೆ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕೂಗಿಕೊಳ್ಳುತ್ತಿತ್ತು. ಎರಡು ಶನಿವಾರ ಅವರ ಗ್ಯಾರೇಜಿನಲ್ಲಿ ನಾನೂ ಟಾರ್ಚು ಹಿಡಿದು ನಿಂತೆ. ಹಳೆಯ ತಂತಿಯನ್ನು ಹಾಗೆಯೇ ಎಳೆದು ಬಿಸಾಡಬಾರದಂತೆ. ಅದರ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಬೇಕು, ಆ ದಾರಕ್ಕೆ ಹೊಸ ತಂತಿ ಕಟ್ಟಿ ಮರಳಿ ಎಳೆಯಬೇಕು. ಪೈಜಾಮಕ್ಕೆ ಲಾಡಿ ಪೋಣಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಮೊದಲು ತೂತಿನ ಅಂಚನ್ನು ಅರದಿಂದ ಉಜ್ಜಿ ನಯಮಾಡಿ, ರಬ್ಬರಿನ ಬಳೆ ಕೂರಿಸಿದರು. ಕುತ್ತಿಗೆಯ ಬಳಿ ತಂತಿ ಸ್ವಲ್ಪ ಸಡಿಲ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದರು. ಇನ್ನೊಂದು ತೂತು ಕೊರೆದರೆ ಸುಲಭವಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ಬಲವಾಗಿ ತಲೆಯಲ್ಲಾಡಿಸಿದರು. ಬಾಗಿದ ಕಡೆ ಕೊರೆದರೆ ಕೊಳವೆ ಅಲ್ಲಿಯೇ ಬಿರುಕು ಬಿಡಬಹುದು. ಹ್ಯಾಂಡಲ್ ಮುರಿದವನಿಗೆ ದೀಪವಿದ್ದೂ ಪ್ರಯೋಜನವಿಲ್ಲ.

1974ರ ಸೆಪ್ಟೆಂಬರಿನಿಂದ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಯಾವ ಸ್ವಿಚ್ಚು ಯಾವ ಕೈಗೆಂದು ಗೊತ್ತುಮಾಡಿತು. ಹಾರ್ನು, ಡಿಮ್ಮರು ಎಡಕ್ಕೆ. ಎಂಜಿನ್ ನಿಲ್ಲಿಸುವ ಸ್ವಿಚ್ಚು ಬಲಕ್ಕೆ. ತಿರುವಿನ ದೀಪಗಳೂ ಸೇರಿ ಹ್ಯಾಂಡಲಿಗೆ ಬರುವ ತಂತಿಗಳು ಕಟ್ಟುಕಟ್ಟಾದವು. ಬಹಳಷ್ಟು ಗಾಡಿಗಳಲ್ಲಿ ಅವು ಕಪ್ಪು ತೋಳು ತೊಟ್ಟು ಕೊಳವೆಯ ಹೊರಗೇ ಹರಿದವು. ಅಂದವೇ ಮುಖ್ಯವೆನ್ನುವವರು ಮಾತ್ರ ಒಂದೊಂದಾಗಿ ಒಳಕ್ಕೆ ತೂರಿಸುವುದನ್ನು ಬಿಡಲಿಲ್ಲ.

2008ರಲ್ಲಿ ಹಾರ್ಲೆಯವರು ತಮ್ಮ ದೂರಪ್ರಯಾಣದ ಮಾದರಿಗಳಲ್ಲಿ ಥ್ರಾಟಲ್ ಕೇಬಲನ್ನೇ ತೆಗೆದುಹಾಕಿದರು. ಹಿಡಿ ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್ ಹ್ಯಾಂಡಲ್ ಕೊಳವೆಯೊಳಗೇ ಕೂತಿರುತ್ತದೆ. ಹಿಂದೆ ಕೇಬಲ್ ಓಡಾಡುತ್ತಿದ್ದ ಆ ಜಾಗದಲ್ಲಿ ಈಗ ಬರಿಯ ತಂತಿ.