ಶೈತ್ಯಪೆಟ್ಟಿಗೆಯಲ್ಲಿದ್ದ ಸಾಕ್ಷ್ಯ: ಒಂಟೆಗಳಲ್ಲಿ ಮರ್ಸ್ ವೈರಸ್ ಪತ್ತೆಯಾದ ಬಗೆ

ಮರ್ಸ್ ಕೊರೊನಾ ವೈರಸ್‌ನ ಇತಿಹಾಸವನ್ನು ಸಾಮಾನ್ಯವಾಗಿ 2012ರ ಜೂನ್‌ನಿಂದ ಆರಂಭಿಸುತ್ತಾರೆ. ಸೌದಿ ಅರೇಬಿಯದ ಜೆಡ್ಡಾದಲ್ಲಿ ತೀವ್ರ ನ್ಯುಮೋನಿಯದಿಂದ ಆಸ್ಪತ್ರೆ ಸೇರಿದ್ದ 60 ವರ್ಷದ ರೋಗಿಯ ಕಫದಲ್ಲಿ ಈಜಿಪ್ಟಿನ ವೈರಾಣುತಜ್ಞ ಅಲಿ ಮೊಹಮ್ಮದ್ ಝಕಿ ಅಪರಿಚಿತ ಕೊರೊನಾ ವೈರಸ್ಸೊಂದನ್ನು ಕಂಡರು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿರುವ ಎರಾಸ್ಮಸ್ ವೈದ್ಯಕೀಯ ಕೇಂದ್ರ ಅದರ ಜೀನೋಮನ್ನು ಓದಿ ಹೊಸದೆಂದು ಖಚಿತಪಡಿಸಿತು. ಇದು ಮನುಷ್ಯರ ಕಡೆಯಿಂದ ನೋಡಿದ ಇತಿಹಾಸ. ಒಂಟೆಗಳ ಕಡೆಯಿಂದ ನೋಡಿದರೆ ಕಾಲಾನುಕ್ರಮವೇ ಬದಲಾಗುತ್ತದೆ.

ಮೊದಲ ಸಂಶಯ ಬಾವಲಿಗಳ ಮೇಲೆ ಬಿತ್ತು. ವಂಶವೃಕ್ಷದಲ್ಲಿ ಈ ವೈರಸ್‌ನ ಹತ್ತಿರದ ಬಂಧುಗಳು ಬಾವಲಿಗಳಲ್ಲಿದ್ದುದರಿಂದ ಅದು ಸಹಜವೇ. ಸೌದಿಯ ಬಿಶಾದಲ್ಲಿ ಹಿಡಿದ ಬಾವಲಿಗಳ ಪೈಕಿ ಒಂದರಲ್ಲಿ ವೈರಸ್‌ನ ಸಣ್ಣ ತುಣುಕಿನಷ್ಟು ಆನುವಂಶಿಕ ಅಕ್ಷರಗಳು ಹೊಂದಿಕೆಯಾದವು. ಅಷ್ಟು ಚಿಕ್ಕ ತುಣುಕಿನ ಮೇಲೆ ಅಷ್ಟು ದೊಡ್ಡ ತೀರ್ಮಾನ ನಿಲ್ಲದು. ಮೇಲಾಗಿ, ರೋಗಿಗಳಲ್ಲಿ ಬಾವಲಿಯ ಹತ್ತಿರ ಸುಳಿದವರು ಎಷ್ಟು ಮಂದಿ? ಒಂಟೆಯ ಒಡನಾಟವಾದರೋ ಆ ನಾಡಿನ ನಿತ್ಯದ ಬದುಕು.

2013ರ ಆಗಸ್ಟ್‌ನಲ್ಲಿ ಚಾಂಟಾಲ್ ರಾಯ್ಸ್‌ಕೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ದಿಕ್ಕು ಬದಲಿಸಿತು. ಒಮಾನಿನ 50 ಒಂಟೆಗಳ ಸೀರಂ ಪರೀಕ್ಷಿಸಿದಾಗ ಐವತ್ತರಲ್ಲೂ ಪ್ರತಿಕಾಯಗಳಿದ್ದವು. ಕ್ಯಾನರಿ ದ್ವೀಪಗಳ 105 ಒಂಟೆಗಳಲ್ಲಿ 15ಕ್ಕೆ ಇದ್ದವು. ಜೊತೆಗೆ ಪರೀಕ್ಷಿಸಿದ ಯೂರೋಪಿನ ದನ, ಕುರಿ, ಮೇಕೆಗಳಲ್ಲಿ ಮರ್ಸ್ ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯ ಕಾಣಲಿಲ್ಲ.

ಆದರೆ ಪ್ರತಿಕಾಯ ಎಂದ ಕೂಡಲೇ ಒಪ್ಪಿಬಿಡುವಂತಿಲ್ಲ. ದನಗಳ ಕೊರೊನಾ ವೈರಸ್‌ಗೆ ಹತ್ತಿರದ ವೈರಸ್ಸುಗಳು ಒಂಟೆಗಳಿಗೂ ತಗಲುತ್ತವೆ. ಅವುಗಳಿಗೆಂದು ಹುಟ್ಟಿದ ಪ್ರತಿಕಾಯವೇ ಮರ್ಸ್‌ನ ಪ್ರೋಟೀನಿಗೂ ಅಂಟಿಕೊಂಡಿದ್ದರೆ? ಈ ಆಕ್ಷೇಪಕ್ಕೆ ಉತ್ತರ ಕೊಟ್ಟದ್ದು ತಟಸ್ಥೀಕರಣ ಪರೀಕ್ಷೆ. ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸಿ, ಜೀವಂತ ವೈರಸ್‌ನೊಡನೆ ಬೆರೆಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸುರಿಯುತ್ತಾರೆ. ಕೋಶಗಳು ಉಳಿದರೆ ಸೀರಂ ಆ ವೈರಸ್ಸನ್ನೇ ತಡೆದಿದೆ ಎಂದರ್ಥ. ಇದಕ್ಕೆ ಪ್ರಾಣಿಗೊಂದು ಬೇರೆ ರಾಸಾಯನಿಕ ಬೇಕಿಲ್ಲ, ಒಂಟೆಯ ಸೀರಮ್ಮಿಗೂ ಮನುಷ್ಯನ ಸೀರಮ್ಮಿಗೂ ವಿಧಾನ ಒಂದೇ. ನಿಧಾನದ, ಅಪಾಯದ, ಬಿಗಿ ಸುರಕ್ಷತೆಯ ಪ್ರಯೋಗಾಲಯ ಬೇಡುವ ಕೆಲಸ. ಈ ಕಥೆಯಲ್ಲಿ, ವೈರಸ್‌ನ ಆನುವಂಶಿಕ ತುಣುಕನ್ನು ಹುಡುಕುವ ಪಿಸಿಆರ್‌ಗೆ ಸಿಕ್ಕ ಪ್ರಸಿದ್ಧಿಯ ಒಂದು ಪಾಲು ಇದಕ್ಕೂ ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರತಿಕಾಯ ಹೇಳುವುದು ಕಳೆದುಹೋದ ಸೋಂಕನ್ನು. ವೈರಸ್ಸೇ ಕೈಗೆ ಸಿಕ್ಕಿದ್ದು 2013ರ ಅಕ್ಟೋಬರ್‌ನಲ್ಲಿ, ಕತಾರಿನಲ್ಲಿ. ಇಬ್ಬರು ರೋಗಿಗಳೊಡನೆ ನಂಟಿದ್ದ ಸಾಕಣೆ ಕೇಂದ್ರವೊಂದರ 14 ಒಂಟೆಗಳ ಮೂಗಿನ ಸ್ವಾಬ್ ಪರೀಕ್ಷಿಸಿದಾಗ ಮೂರರಲ್ಲಿ ವೈರಸ್‌ನ ಆರ್‌ಎನ್‌ಎ ದೊರೆಯಿತು. ಹದಿನಾಲ್ಕಕ್ಕೂ ಪ್ರತಿಕಾಯವಿತ್ತು. ರೋಗಿಗಳ ವೈರಸ್ಸಿಗೂ ಒಂಟೆಗಳದಕ್ಕೂ ಬಹಳ ಸಾಮ್ಯ. ಹೀಗಿದ್ದರೂ ಬಾರ್ಟ್ ಹಾಗ್‌ಮನ್ಸ್ ಮತ್ತು ಸಂಗಡಿಗರು ತಮ್ಮ ಪ್ರಬಂಧದಲ್ಲಿ ಎಚ್ಚರ ತಪ್ಪಲಿಲ್ಲ: ಒಂಟೆ ಮನುಷ್ಯನಿಗೆ ಕೊಟ್ಟಿತೋ, ಮನುಷ್ಯ ಒಂಟೆಗೆ ಕೊಟ್ಟನೋ, ಇಬ್ಬರಿಗೂ ಮೂರನೆಯ ಮೂಲವಿತ್ತೋ ಎಂಬುದನ್ನು ಇಷ್ಟರಿಂದಲೇ ಹೇಳಲಾಗದು ಎಂದರು.

ಅದೇ ವರ್ಷದ ನವೆಂಬರ್‌ನಲ್ಲಿ ಜೆಡ್ಡಾದ 44 ವರ್ಷದ ಒಂಟೆ ಸಾಕಣೆಗಾರರೊಬ್ಬರು ತೀರಿಕೊಂಡರು. ಕಾಯಿಲೆ ಬೀಳುವ ಮುನ್ನ, ಮೂಗು ಸೋರುತ್ತಿದ್ದ ತಮ್ಮ ಒಂಟೆಯ ಮೂಗಿಗೆ ಔಷಧಿ ಹಚ್ಚಿದ್ದರು. ಇಬ್ಬರ ವೈರಸ್ಸೂ ಒಂದೇ ಎಂದು 2014ರಲ್ಲಿ ವರದಿಯಾಯಿತು. ಸೀರಂ ಪರೀಕ್ಷೆ ಒಂಟೆಗಳಲ್ಲಿ ಸೋಂಕು ಮೊದಲೇ ಇತ್ತೆಂದು ತೋರಿಸಿತು. ಸೌದಿ ಸರ್ಕಾರ ಮುಖಗವಸು, ಕೈಗವಸು ಧರಿಸಿ ಎಂದಿತು. ಕೆಲವು ಸಾಕಣೆಗಾರರು ಒಂಟೆಗೆ ಮುತ್ತಿಕ್ಕುವ ವಿಡಿಯೊ ಹಾಕಿ ಜಂಬ ತೋರಿದರು. ಅವರನ್ನು ಮೂರ್ಖರೆನ್ನುವುದು ಸುಲಭ. ಆದರೆ ಒಂಟೆಗೆ ಈ ಸೋಂಕು ಬರಿಯ ನೆಗಡಿ. ವೈರಸ್ ಹಿಡಿದುಕೊಳ್ಳುವ ಡಿಪಿಪಿ4 ಎಂಬ ಪ್ರೋಟೀನು ಒಂಟೆಯ ಮೂಗಿನ ಒಳಪೊರೆಯಲ್ಲಿ ಧಾರಾಳವಾಗಿದೆ, ಮನುಷ್ಯರಲ್ಲಿ ಶ್ವಾಸಕೋಶದ ಆಳದಲ್ಲಿದೆ. ಕಣ್ಣೆದುರು ಆರೋಗ್ಯವಾಗಿ ಮೇಯುವ ಪ್ರಾಣಿಯನ್ನು ರೋಗದ ಮೂಲವೆಂದು ಯಾರು ತಾನೆ ನಂಬಿಯಾರು?

ಇನ್ನು ಹಳೆಯ ಸೀರಮ್ಮುಗಳ ಮಾತು. ಬೇರಾವುದೋ ಉದ್ದೇಶಕ್ಕೆ ತೆಗೆದು ಶೈತ್ಯಪೆಟ್ಟಿಗೆಯಲ್ಲಿಟ್ಟಿದ್ದ ಮಾದರಿಗಳನ್ನು ಹೊರತೆಗೆದಾಗ ಸೌದಿಯಲ್ಲಿ 1992ರ ಒಂಟೆಗಳಲ್ಲೇ ಪ್ರತಿಕಾಯಗಳಿದ್ದವು. ಬಳಿಕ ಸೊಮಾಲಿಯ, ಸುಡಾನ್, ಈಜಿಪ್ಟ್‌ಗಳ 1983ರಿಂದ 1997ರವರೆಗಿನ 189 ಮಾದರಿಗಳಲ್ಲಿ ಶೇ. 81ರಷ್ಟು ತಟಸ್ಥೀಕರಣದಲ್ಲಿ ಗೆದ್ದವು. ಅತಿ ಹಳೆಯದು 1983ರ ಸೊಮಾಲಿಯದ್ದು. ಜೆಡ್ಡಾದ ‘ಹೊಸ’ ವೈರಸ್‌ಗೆ ಒಂಟೆಗಳಲ್ಲಿ ಹತ್ತಿರಹತ್ತಿರ ಮೂರು ದಶಕಗಳ ವಾಸವಿತ್ತು. ಮಂಗೋಲಿಯದ ಎರಡು ಡುಬ್ಬದ ಒಂಟೆಗಳಲ್ಲಾಗಲಿ ಆಸ್ಟ್ರೇಲಿಯದ ಒಂದು ಡುಬ್ಬದವುಗಳಲ್ಲಾಗಲಿ ಅದರ ಗುರುತು ಸಿಗಲಿಲ್ಲ.

ಹಾಗಾದರೆ ಒಂಟೆಗಳು ಅತಿ ಹೆಚ್ಚಿರುವ ಆಫ್ರಿಕದ ಕೊಂಬಿನಲ್ಲಿ ರೋಗಿಗಳೇಕೆ ಕಾಣಲಿಲ್ಲ? ಅದರ ನೆರೆಯ ಕೆನ್ಯದಲ್ಲಿ 1,122 ಜನರ ಸೀರಂ ಪರೀಕ್ಷಿಸಿದಾಗ ಇಬ್ಬರಲ್ಲಿ ಮಾತ್ರ ಪ್ರತಿಕಾಯ ದೃಢಪಟ್ಟಿತು. ಆಫ್ರಿಕದ ಒಂಟೆಗಳ ವೈರಸ್ ಬೇರೆಯದೇ ಕವಲು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರಲ್ಲಿ ಪಶ್ಚಿಮ ಆಫ್ರಿಕದ ತಳಿಗಳು ಮನುಷ್ಯನ ಶ್ವಾಸಕೋಶದ ಅಂಗಾಂಶದಲ್ಲಿ ಅರೇಬಿಯದ್ದರಷ್ಟು ಚೆನ್ನಾಗಿ ಬೆಳೆಯಲಿಲ್ಲ. ವೈರಸ್ಸೇ ಸೌಮ್ಯವೋ, ನ್ಯುಮೋನಿಯದಿಂದ ಸತ್ತವರ ಕಫ ತೆಗೆದು ನೋಡುವವರಿಲ್ಲವೋ, ಎರಡೂ ಸೇರಿಯೋ ಎಂಬುದನ್ನು ತೀರ್ಮಾನಿಸಲು ಒಂಟೆಯ ಸೀರಂ ಸಾಲದು. ಅಲ್ಲಿನ ಒಂಟೆ ಸಾಕುವವರ ಸೀರಮ್ಮೂ ವರ್ಷವರ್ಷ ಬೇಕು.