ಜಿಮ್ ಸೇರೋಕೆ ಎಷ್ಟು ವಯಸ್ಸಾಗಿರಬೇಕು? ಬೋರ್ಡ್ ಮೇಲಿನ ‘18+’ ಬಂದಿದ್ದೆಲ್ಲಿಂದ?

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಜಿಮ್ ಸೇರ್ತೀನಿ ಅಂತ ಹೊರಟರೆ ಮೂರು ಥರದ ಉತ್ತರ ಸಿಗುತ್ತೆ. ಮನೆಯಲ್ಲಿ, “ಈಗ್ಲೇ ಭಾರ ಎತ್ತಿದ್ರೆ ಎತ್ತರ ಬೆಳೆಯಲ್ಲ ಕಣೋ.” ಬಳ್ಳಾರಿಯಂಥ ಪಟ್ಟಣದ ದೊಡ್ಡ ಜಿಮ್‌ನಲ್ಲಿ, “18 ಆಗಿರಬೇಕು, ಆಧಾರ್ ತೋರಿಸು.” ಶಟರ್ ಅಂಗಡಿಯಲ್ಲಿ ನಡೆಯುವ ಸಣ್ಣ ಜಿಮ್‌ನಲ್ಲಿ, “ಫೀಸ್ ಕೊಡು, ನಾಳೆಯಿಂದ ಬಾ.”

ಮೂರರಲ್ಲಿ ಕಾನೂನು ಯಾವುದು? ಯಾವುದೂ ಅಲ್ಲ. ಇಂತಿಷ್ಟು ವಯಸ್ಸಾಗದೆ ಜಿಮ್ ಸೇರುವಂತಿಲ್ಲ ಎನ್ನುವ ಕಾಯ್ದೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಗಡಿ ದಾಟಿ ಪಕ್ಕದ ರಾಯದುರ್ಗಕ್ಕೆ ಹೋದರೂ ಅದೇ ಕಥೆ. ಸರ್ಕಾರ ಜಿಮ್ ವಿಚಾರದಲ್ಲಿ ವಯಸ್ಸಿನ ಸಂಖ್ಯೆ ಬರೆದದ್ದು ಕೋವಿಡ್ ಕಾಲದಲ್ಲಿ. 2020ರ ಆಗಸ್ಟ್ 5ರಿಂದ ಜಿಮ್ ತೆರೆಯಲು ಬಿಟ್ಟಾಗ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತ್ತು. 65 ದಾಟಿದವರು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ಮತ್ತು 10 ವರ್ಷದೊಳಗಿನ ಮಕ್ಕಳು ಮುಚ್ಚಿದ ಜಾಗದ ಜಿಮ್‌ಗೆ ಹೋಗದಿರುವುದು ಒಳ್ಳೆಯದು ಅಂತ ಅದರಲ್ಲಿತ್ತು. ಅದು ವೈರಸ್ ಭಯಕ್ಕೆ ಬರೆದ ಸಲಹೆ. ಹದಿಹರೆಯದವರ ಮೂಳೆ, ಸ್ನಾಯುಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಹಾಗಾದ್ರೆ 18 ಎಲ್ಲಿಂದ ಬಂತು?

ಸಹಿಯ ವಯಸ್ಸು

ಜಿಮ್ ಸದಸ್ಯತ್ವ ಅನ್ನೋದು ಒಂದು ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡುವ ಅರ್ಹತೆ ಇಲ್ಲ. ಪ್ರಾಪ್ತ ವಯಸ್ಸು 18 ಎಂದು ಹೇಳಿದ್ದು 1875ರ ಕಾಯ್ದೆ. ಅಪ್ರಾಪ್ತರು ಮಾಡಿಕೊಂಡ ಕರಾರು ಹುಟ್ಟಿನಿಂದಲೇ ಅಸಿಂಧು ಅಂತ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಕಲ್ಕತ್ತಾದ ಹುಡುಗನೊಬ್ಬ ಆಸ್ತಿ ಅಡವಿಟ್ಟು ಸಾಲ ಪಡೆದ ಕೇಸು. ಇವತ್ತು ಜಿಮ್ ಬಾಗಿಲಲ್ಲಿ ಹದಿನಾರರ ಹುಡುಗನನ್ನು ತಡೆಯೋದು ಆ ಸಾಲಗಾರನ ನೆರಳು ಅಂದ್ರೆ ತಮಾಷೆ ಅನ್ನಿಸಬಹುದು, ಆದ್ರೆ ಇರೋದೇ ಹಾಗೆ.

ಜಿಮ್ ಮಾಲೀಕರ ಲೆಕ್ಕ ಸರಳ. ಹದಿನಾರರ ಹುಡುಗ ವರ್ಷದ ಪ್ಯಾಕೇಜ್‌ಗೆ ಸಹಿ ಹಾಕಿ ಎರಡೇ ತಿಂಗಳಿಗೆ ಬಿಟ್ಟರೆ ಬಾಕಿ ವಸೂಲಿಗೆ ಕೋರ್ಟಿಗೆ ಹೋಗೋಕಾಗಲ್ಲ. “ಗಾಯವಾದರೆ ಜಿಮ್ ಹೊಣೆಯಲ್ಲ” ಅಂತ ಅವನು ಬರೆದುಕೊಟ್ಟ ಕಾಗದಕ್ಕೂ ಬೆಲೆಯಿಲ್ಲ. ಅದಕ್ಕೇ 18 ಅನ್ನೋ ಬೋರ್ಡು. ಹುಡುಗನ ಬೆನ್ನುಮೂಳೆಯನ್ನು ಕಾಯೋಕೆ ಹಾಕಿದ್ದಲ್ಲ, ಮಾಲೀಕರು ತಮ್ಮನ್ನು ಕಾದುಕೊಳ್ಳೋಕೆ ಹಾಕಿದ್ದು.

ತಂದೆ, ತಾಯಿ ಅಥವಾ ಪೋಷಕರು ತಮ್ಮ ಹೆಸರಲ್ಲೇ ಸಹಿ ಹಾಕಿದರೆ ಈ ತೊಡಕು ಬಹುಪಾಲು ಬಗೆಹರಿಯುತ್ತೆ. 16 ಆದವರನ್ನು ಪೋಷಕರ ಒಪ್ಪಿಗೆ ಪತ್ರದ ಮೇಲೆ ಸೇರಿಸಿಕೊಳ್ಳುವ ಜಿಮ್‌ಗಳು ಮಾಡೋದು ಇದನ್ನೇ. ಬ್ರಿಟನ್ನಿನ ಬಹಳಷ್ಟು ಜಿಮ್‌ಗಳು 16ಕ್ಕೆ ಗೆರೆ ಎಳೆಯುತ್ತವೆ. ಅಮೆರಿಕದ ಪ್ಲಾನೆಟ್ ಫಿಟ್ನೆಸ್ ಬೇಸಿಗೆ ರಜೆಯಲ್ಲಿ 14ರಿಂದ 19ರ ವಿದ್ಯಾರ್ಥಿಗಳಿಗೆ ಉಚಿತ ಪಾಸ್ ಕೊಡುತ್ತೆ, 18ರೊಳಗಿನವರು ಪೋಷಕರ ಜೊತೆ ಬಂದು ನೋಂದಾಯಿಸಬೇಕು. ಹೀಗೆ ಗೆರೆ ಒಂದೊಂದು ಕಡೆ ಒಂದೊಂದು ಥರ. ಎಲ್ಲ ಕಡೆಯೂ ಅದನ್ನು ಎಳೆದದ್ದು ವ್ಯಾಪಾರ ಮತ್ತು ವಿಮೆಯ ಲೆಕ್ಕಾಚಾರವೇ.

ಒಂದು ಎಚ್ಚರಿಕೆ. “ಏನೇ ಆದರೂ ನಾವೇ ಜವಾಬ್ದಾರರು” ಅಂತ ಅಪ್ಪ ಸಹಿ ಹಾಕಿದ ಮಾತ್ರಕ್ಕೆ ಟ್ರೇನರ್‌ನ ನಿರ್ಲಕ್ಷ್ಯ ಮಾಫಿ ಆಗಲ್ಲ. ನಿರ್ಲಕ್ಷ್ಯದಿಂದ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್, ಸಾವಾದರೆ 106ನೇ ಸೆಕ್ಷನ್ ಇದೆ. ಅವನ್ನು ಯಾವ ಅರ್ಜಿ ಫಾರಂ ಕೂಡ ರದ್ದು ಮಾಡೋಕಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅಪ್ರಾಪ್ತ ಗ್ರಾಹಕರ ಪರವಾಗಿ ಪೋಷಕರು ದೂರು ಕೊಡಬಹುದು. ಫೀಸ್ ಕಟ್ಟಿದ ರಸೀದಿ ಇಟ್ಟುಕೊಂಡಿರಿ. ಸಣ್ಣ ಊರುಗಳಲ್ಲಿ ರಸೀದಿ ಕೇಳಿದರೆ “ನಮ್ಮ ಮೇಲೆ ನಂಬಿಕೆ ಇಲ್ವಾ?” ಅಂತಾರೆ. ಕೇಳಿ, ಪರವಾಗಿಲ್ಲ.

ಎತ್ತರ ನಿಲ್ಲುತ್ತಾ?

ಈ ಪ್ರಶ್ನೆಯನ್ನು ನಮ್ಮ ಬಯಲುಸೀಮೆಯಲ್ಲಿ ಹಗುರವಾಗಿ ತಗೊಳ್ಳೋಕಾಗಲ್ಲ. ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಲು ಗಂಡಸರಿಗೆ ಸಾಮಾನ್ಯವಾಗಿ 168 ಸೆಂಟಿಮೀಟರ್, ಹೆಂಗಸರಿಗೆ 157 ಸೆಂಟಿಮೀಟರ್ ಎತ್ತರ ಬೇಕು. ಸರ್ಕಾರಿ ಕೆಲಸ ಅಂದ್ರೆ ಪೊಲೀಸ್ ಅಥವಾ ಸೇನೆ ಅಂತ ನಂಬಿರುವ ಮನೆಯಲ್ಲಿ ಎರಡು ಸೆಂಟಿಮೀಟರ್ ಕಮ್ಮಿ ಆದ್ರೂ ಜೀವನದ ದಾರಿಯೇ ಬದಲಾಗುತ್ತೆ. ಅಮ್ಮಂದಿರ ಭಯಕ್ಕೆ ಕಾರಣ ಇದೆ.

ಆದರೆ ವೈದ್ಯ ವಿಜ್ಞಾನ ಆ ಭಯದ ಪರ ಇಲ್ಲ. ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆ ಫಲಕ ಅನ್ನುವ ಮೃದ್ವಸ್ಥಿಯ ಪದರ ಇರುತ್ತೆ. ಹುಡುಗಿಯರಲ್ಲಿ ಸುಮಾರು 14-15ಕ್ಕೆ, ಹುಡುಗರಲ್ಲಿ 16-17ರ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ, ಆಮೇಲೆ ಎತ್ತರ ಹೆಚ್ಚಲ್ಲ. ಅದಕ್ಕೆ ಮುಂಚೆ ಭಾರ ಎತ್ತಿದರೆ ಫಲಕ ಜಜ್ಜಿಹೋಗುತ್ತೆ ಎನ್ನುವುದು ಹಳೆಯ ನಂಬಿಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಕೊಟ್ಟ ಹೇಳಿಕೆ ಇದಕ್ಕೆ ತದ್ವಿರುದ್ಧ. ಸರಿಯಾದ ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ಮಾಡುವ ಭಾರದ ವ್ಯಾಯಾಮದಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗಲ್ಲ, ಮೂಳೆ ಬಲಗೊಳ್ಳುತ್ತೆ ಎಂಬುದು ಅದರ ನಿಲುವು. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷ, 5ರಿಂದ 17ರ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆಯಿಂದ ಇರಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆ ಬಲಪಡಿಸುವ ವ್ಯಾಯಾಮವೂ ಅದರಲ್ಲಿರಬೇಕು ಎಂದಿತು.

ಮತ್ತೆ ಈ ನಂಬಿಕೆ ಎಲ್ಲಿಂದ ಬಂತು? ಅದಕ್ಕೆ ಬೇರು ಒದಗಿಸಿದ ಅಧ್ಯಯನಗಳಲ್ಲಿ ಒಂದು ಜಪಾನಿನದ್ದು. ದೂರದ ಹಳ್ಳಿಗಳಲ್ಲಿ ವಿಪರೀತ ದುಡಿಯುತ್ತಿದ್ದ ಮಕ್ಕಳು ಕುಳ್ಳಗಿರುವುದನ್ನು ಕಟೋ ಮತ್ತು ಇಶಿಕೋ ಎಂಬ ಸಂಶೋಧಕರು 1964ರಲ್ಲಿ ದಾಖಲಿಸಿದರು. ಆ ಮಕ್ಕಳು ಜಿಮ್‌ಗೆ ಹೋದವರಲ್ಲ, ಹೊರೆ ಹೊತ್ತವರು. ಹೊಟ್ಟೆಗೆ ಸಾಲದೆ ಹೊರೆ ಹೊರುವ ಮಕ್ಕಳ ಬೆಳವಣಿಗೆ ಕುಂಠಿತವಾಗೋಕೆ ಹೊರೆಯೊಂದೇ ಕಾರಣ ಅನ್ನೋಕಾಗುತ್ತಾ?

ಇಲ್ಲೇ ನಮ್ಮ ಸೀಮೆಯ ಒಂದು ವಿಚಿತ್ರ ಕಾಣುತ್ತೆ. ಚಳ್ಳಕೆರೆ-ಮೊಳಕಾಲ್ಮೂರು ಅಂದ್ರೆ ಶೇಂಗಾ. ಸುಗ್ಗಿಯಲ್ಲಿ ಹದಿನೈದರ ಹುಡುಗ ಹೊಲದಿಂದ ಟ್ರಾಕ್ಟರ್‌ಗೆ ಚೀಲ ಹೊತ್ತರೆ “ಗಟ್ಟಿಗ” ಅಂತೀವಿ. ಅದೇ ಹುಡುಗ 10 ಕೆ.ಜಿ. ಡಂಬೆಲ್ ಹಿಡಿದರೆ “ಬೆಳವಣಿಗೆ ನಿಲ್ಲುತ್ತೆ” ಅಂತೀವಿ. 14 ದಾಟಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಲು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಬಿಡುತ್ತೆ. ಅಂದ್ರೆ ಹದಿನೈದರ ಹುಡುಗ ಜಿಮ್‌ನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಬಹುದು, ಸದಸ್ಯನಾಗಿ ಸಹಿ ಹಾಕೋಕಾಗಲ್ಲ. 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್, ಗಂಡಸರು, ಹೆಂಗಸರು, ಹದಿಹರೆಯದವರು ಮತ್ತು ಮಕ್ಕಳು ಎಷ್ಟೆಷ್ಟು ಭಾರ ಎತ್ತಬಹುದು ಅಂತ ಬೇರೆಬೇರೆಯಾಗಿ ಗೊತ್ತುಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಕಾರ್ಖಾನೆಯ ಭಾರಕ್ಕೆ ಮಿತಿ ಹಾಕಬೇಕು ಅಂತ ಆಗಲೇ ಹೊಳೆದಿತ್ತು. ಜಿಮ್‌ನ ಭಾರಕ್ಕೆ ಇವತ್ತಿಗೂ ಹೊಳೆದಿಲ್ಲ.

ಗರಡಿ ಮನೆಗಳಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರ ಇತ್ತು. ಅಲ್ಲಿ ವಯಸ್ಸಿನ ಬೋರ್ಡಿಲ್ಲ. ಹತ್ತು-ಹನ್ನೆರಡರ ಹುಡುಗರೂ ಮಟ್ಟಿಗೆ ಇಳಿಯುತ್ತಿದ್ದರು. ಆದರೆ ದಂಡ, ಬಸ್ಕಿ ಹೊಡೆಸಿದ ಮೇಲೇ ಗದೆ, ಗುಂಡು. ಯಾವ ಹುಡುಗ ಯಾವಾಗ ಏನು ಎತ್ತಬೇಕು ಅಂತ ಹೇಳೋದು ಉಸ್ತಾದ್. ಗರಡಿಯನ್ನು ಸುಮ್ಮನೆ ಹೊಗಳೋಕೆ ನಾನು ಸಿದ್ಧನಿಲ್ಲ, ಅದರ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿಯೇ ಇತ್ತು. ಆದರೂ ಸಂಖ್ಯೆಯ ಬದಲು ಒಬ್ಬ ಮನುಷ್ಯನ ಕಣ್ಣಿಗೆ ಜವಾಬ್ದಾರಿ ಕೊಟ್ಟಿದ್ದರಲ್ಲಿ ವಿವೇಕ ಇತ್ತು. ಇವತ್ತಿನ ಮಕ್ಕಳ ವೈದ್ಯರು ಹೇಳೋದೂ ಹೆಚ್ಚುಕಮ್ಮಿ ಅದನ್ನೇ. ಹೇಳಿದ್ದನ್ನು ಕೇಳಿ ಮಾಡುವಷ್ಟು ತಿಳಿವಳಿಕೆ, ಮೈ ಮೇಲೆ ಹಿಡಿತ ಬಂದಿದ್ದರೆ ಶುರು ಮಾಡಬಹುದು. ಮೊದಲು ಸ್ವಂತ ಮೈಭಾರ, ಆಮೇಲೆ ಹಗುರ ತೂಕ. ವಾರಕ್ಕೆ 2-3 ದಿನ, ನಡುವೆ ಬಿಡುವು. 8ರಿಂದ 15 ಸಲ ಭಂಗಿ ಕೆಡದಂತೆ ಎತ್ತೋಕಾದರೆ ಮಾತ್ರ ಸುಮಾರು ಶೇ. 10ರಷ್ಟು ತೂಕ ಏರಿಕೆ. “ಮ್ಯಾಕ್ಸ್ ಎಷ್ಟು ಹೊಡಿತೀಯ ಮಗಾ” ಅನ್ನುವ ಪಂದ್ಯ ಈ ವಯಸ್ಸಿಗೆ ಬೇಡ.

ವ್ಯಾಯಾಮ ಮಾಡುವಾಗ ತಲೆ ಸುತ್ತಿ ಬಿದ್ದಿದ್ದರೆ, ಎದೆ ನೋವು ಬಂದಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ದಿಢೀರ್ ತೀರಿಹೋಗಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಹೋದಾಗ ರಾಜ್ಯದಲ್ಲೆಲ್ಲ ಜಿಮ್ ಬಗ್ಗೆ ಭಯ ಹುಟ್ಟಿತು. ಜಿಮ್‌ಗಳಿಗೆ ಮಾರ್ಗಸೂಚಿ ತರುತ್ತೇವೆ ಅಂತ ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಹೇಳಿದ್ದರು. ಆಗಿನ ಮಾತೆಲ್ಲ ದೊಡ್ಡವರ ಹೃದಯದ ಸುತ್ತ ಸುತ್ತಿತು. ಜಿಮ್ ತುಂಬಾ ಇರುವ ಹದಿನಾರು-ಹದಿನೇಳರ ಹುಡುಗರು ಚರ್ಚೆಗೆ ಬರಲೇ ಇಲ್ಲ.

ಕೌಂಟರ್ ಕೆಳಗಿನ ಡಬ್ಬ

ಎತ್ತರವನ್ನು ನಿಜವಾಗಿ ನಿಲ್ಲಿಸುವಂಥದ್ದು ಒಂದಿದೆ, ಅದು ಡಂಬೆಲ್ ಅಲ್ಲ. ಅನಬಾಲಿಕ್ ಸ್ಟಿರಾಯ್ಡ್. ಬೆಳೆಯುವ ವಯಸ್ಸಿನಲ್ಲಿ ತಗೊಂಡರೆ ಬೆಳವಣಿಗೆ ಫಲಕ ಅವಧಿಗೆ ಮುಂಚೆಯೇ ಮುಚ್ಚಿಕೊಳ್ಳುತ್ತೆ. ಕಾನೂನಿನಲ್ಲಿ ಇವು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ, ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳು. “ಮೂರು ತಿಂಗಳಲ್ಲಿ ಬಾಡಿ” ಅಂತ ಟ್ರೇನರ್ ಇಂಜೆಕ್ಷನ್ ಅಥವಾ ಲೇಬಲ್ ಇಲ್ಲದ ಮಾತ್ರೆ ಕೊಟ್ಟರೆ ಅದು ಅಪರಾಧ, ವಯಸ್ಸು 16 ಆಗಿರಲಿ 26 ಆಗಿರಲಿ. ಬಾಗಿಲಲ್ಲಿ ಆಧಾರ್ ನೋಡುವ ಜಿಮ್ ಕೂಡ ಒಳಗೆ ಏನು ಮಾರ್ತಿದೆ ಅನ್ನೋದನ್ನ 18ರ ಬೋರ್ಡು ಹೇಳಲ್ಲ.

ಪ್ರೋಟೀನ್ ಪುಡಿ ಬೇರೆ ವಿಚಾರ, ಅದು ಆಹಾರ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಿ. ಆದರೆ ಅದು ಬೇಕಾ? 16-18ರ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಗೆ 46 ಗ್ರಾಂ ಪ್ರೋಟೀನ್ ಸಾಕು ಅನ್ನುತ್ತೆ ಐಸಿಎಂಆರ್‌ನ 2020ರ ಶಿಫಾರಸು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಶೇಂಗಾ ಬೆಳೆಯುವ ಊರಿನ ಹುಡುಗ ಸಾವಿರಾರು ರೂಪಾಯಿ ಕೊಟ್ಟು ಡಬ್ಬ ತರೋದು ನೋಡಿದರೆ ಮಾರ್ಕೆಟಿಂಗ್‌ಗೆ ಕೈ ಮುಗಿಯಬೇಕು.

ಹಾಗಂತ ಎಲ್ಲರ ತಟ್ಟೆಯಲ್ಲೂ ಇದೆಲ್ಲ ಇದೆ ಅಂತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15-19ರ ಹುಡುಗಿಯರಲ್ಲಿ ಶೇ. 59.1 ಮಂದಿಗೆ, ಹುಡುಗರಲ್ಲಿ ಶೇ. 31.1 ಮಂದಿಗೆ ರಕ್ತಹೀನತೆ. ಸರ್ಕಾರಿ ಶಾಲೆಯಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಯೋಜನೆ 10ನೇ ತರಗತಿಗೆ ಮುಗಿಯುತ್ತೆ. ಜಿಮ್ ಕಡೆ ಕಾಲು ಹಾಕುವ ವಯಸ್ಸು ಶುರುವಾಗೋದೇ ಅಲ್ಲಿಂದ.

ಸೇರುವ ಮುಂಚೆ ಕೇಳಬೇಕಾದ್ದು

ಟ್ರೇನರ್ ಆಗೋಕೆ ನಮ್ಮಲ್ಲಿ ಕಡ್ಡಾಯ ಪರವಾನಗಿ ಇಲ್ಲ. ಕೌಶಲ ಮಂಡಳಿಯ ಪ್ರಮಾಣಪತ್ರಗಳಿವೆ, ಇರಲೇಬೇಕು ಅಂತಿಲ್ಲ. ಹಾಗಾಗಿ ಜಿಮ್ ಸೇರುವವರೇ ಕೇಳಬೇಕು: ನಾನು ಬರುವ ಹೊತ್ತಿಗೆ ಟ್ರೇನರ್ ಇರ್ತಾರಾ, ಏನು ಓದಿದ್ದಾರೆ, ಪ್ರಥಮ ಚಿಕಿತ್ಸೆ ಗೊತ್ತಾ? ಮಕ್ಕಳ ಭಾರದ ವ್ಯಾಯಾಮದ ಗಾಯಗಳ ಬಗ್ಗೆ ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕ್ಕವರ ಗಾಯಗಳು ಹೆಚ್ಚಾಗಿ ಕೈಕಾಲಿನವು, ತೂಕ ಜಾರಿ ಬಿದ್ದು ಅಥವಾ ಬೆರಳು ಸಿಕ್ಕಿಕೊಂಡು ಆದಂಥವು. ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಎಷ್ಟೋ ತಪ್ಪುತ್ತಿದ್ದವು.

ಹುಡುಗಿಯರ ವಿಚಾರದಲ್ಲಿ ಇನ್ನೂ ಒಂದು. 18ರೊಳಗಿನ ಎಲ್ಲರೂ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಲ್ಲಿದ್ದಾರೆ, ಹುಡುಗರೂ ಸೇರಿ. ಭಂಗಿ ತಿದ್ದುವ ನೆಪದಲ್ಲಿ ನಡೆಯುವ ಅಸಭ್ಯ ಸ್ಪರ್ಶಕ್ಕೂ ಅದು ಅನ್ವಯ. ಗೊತ್ತಿದ್ದೂ ದೂರು ಕೊಡದೆ ಮುಚ್ಚಿಟ್ಟರೆ ಜಿಮ್ ನಡೆಸುವವರಿಗೂ ಶಿಕ್ಷೆ ಇದೆ. ಇನ್ನು ‘ಟ್ರಾನ್ಸ್‌ಫರ್ಮೇಶನ್’ ಅಂತ ಹದಿಹರೆಯದವರ ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕುವ ಚಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ.

ನನ್ನನ್ನು ಕೇಳಿದರೆ 18ರ ನಿಯಮವನ್ನು ಕಾಯ್ದೆ ಮಾಡೋದು ಬೇಡ. ಹಾಗೆ ಮಾಡಿದರೆ ಹದಿನಾರರ ಹುಡುಗ ಮನೆಗೆ ವಾಪಸ್ ಹೋಗಲ್ಲ, ಬೋರ್ಡೇ ಇಲ್ಲದ, ಟ್ರೇನರೂ ಇಲ್ಲದ ಜಾಗಕ್ಕೆ ಹೋಗ್ತಾನೆ. 14ರಿಂದ 18ರವರೆಗೆ ಪೋಷಕರ ಸಹಿ, ಟ್ರೇನರ್ ಇರುವ ಹೊತ್ತಲ್ಲಿ ಮಾತ್ರ ಪ್ರವೇಶ, ಜಿಮ್ ಒಳಗೆ ಔಷಧಿ ಮಾರಾಟ ಇಲ್ಲ. ಈ ಮೂರನ್ನು ಪಂಚಾಯಿತಿ, ಪಟ್ಟಣ ಪಂಚಾಯಿತಿಗಳು ಕೊಡುವ ವ್ಯಾಪಾರ ಪರವಾನಗಿಗೆ ಷರತ್ತಾಗಿ ಸೇರಿಸಿದರೆ ಸಾಕು.

ಇನ್ನು ಸೇನೆಯ ಕನಸು. ಅಗ್ನಿವೀರನಾಗೋಕೆ ಕನಿಷ್ಠ ವಯಸ್ಸು ಹದಿನೇಳೂವರೆ, 18 ಆಗಿರದಿದ್ದರೆ ಅಲ್ಲೂ ಪೋಷಕರ ಸಹಿ ಬೇಕು. ದೈಹಿಕ ಪರೀಕ್ಷೆಯಲ್ಲಿ ಮುಖ್ಯವಾಗಿ ಕೇಳೋದು 1.6 ಕಿಲೋಮೀಟರ್ ಓಟ ಮತ್ತು ಪುಲ್-ಅಪ್. ಪೊಲೀಸ್ ಪರೀಕ್ಷೆಯಲ್ಲಿ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಬೆಂಚ್ ಪ್ರೆಸ್ ಎರಡರಲ್ಲೂ ಇಲ್ಲ. ಎರಡು ಕಂಬ, ಒಂದು ಅಡ್ಡ ಪೈಪು, ಕಲ್ಲುಮುಳ್ಳು ತೆಗೆದ ಶಾಲಾ ಮೈದಾನ ಇದ್ದರೆ ಅರ್ಧ ತಯಾರಿ ಮುಗಿದಂತೆ, ತಿಂಗಳ ಫೀಸೂ ಇಲ್ಲ. ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಅಲ್ಲಿ ಎದ್ದು ನಿಂತು ಮಾತಾಡೋಕೆ 18 ಆಗಿರಬೇಕಿಲ್ಲ.